ನೂರಹದಿನೇಳರ ರಕ್ತ

ನೂರಹದಿನೇಳನೆಯ ಕುದುರೆ ಹಗಲು ಹೊತ್ತು ನೀರು ಕುಡಿಯುತ್ತಿಲ್ಲ ಎಂಬುದು ಕುಮುದಾಳ ಕಣ್ಣಿಗೆ ಬಿದ್ದದ್ದು ಒಂದು ಬುಧವಾರ ಮಧ್ಯಾಹ್ನ, ಎರಡು ಸಲ ಬಿಸಿ ಮಾಡಿಸಿದ ಚಹಾ ಮತ್ತೆ ತಣ್ಣಗಾಗಿದ್ದ ಹೊತ್ತಿನಲ್ಲಿ.

ಪರದೆಯ ಮೇಲೆ ಆ ಕುದುರೆಯ ರಕ್ತದ ಗೆರೆ ಬೆಳಗಿನಿಂದ ಸಂಜೆಯವರೆಗೆ ಮೆಲ್ಲಗೆ ಏರುತ್ತಿತ್ತು. ಮೈಯಲ್ಲಿ ನೀರು ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ. ಇದ್ದಷ್ಟೇ ಪ್ರೋಟೀನು ದಟ್ಟವಾಗಿ ಕಾಣುತ್ತದೆ, ಒಲೆಯ ಮೇಲೆ ಮರೆತ ಸಾರಿನ ಹಾಗೆ. ಸಂಜೆ ಆರು ದಾಟಿದ ಮೇಲೆ ಗೆರೆ ಥಟ್ಟನೆ ಕೆಳಗಿಳಿಯುತ್ತಿತ್ತು. ಆಗ ನೀರು ಕುಡಿದಿದೆ ಎಂದರ್ಥ. ಹದಿನೆಂಟು ದಿನಗಳಿಂದ ಹೀಗೇ.

'ತೊಟ್ಟಿ ಒಡೆದಿದೆಯೇ, ನೋಡಿಸಬೇಕು' ಎಂದು ಅವಳು ಪುಸ್ತಕದಲ್ಲಿ ಬರೆದುಕೊಂಡಳು. ಮನೆಯಿಂದ ಹೊರಟ ಮೇಲೆ ಗ್ಯಾಸ್ ಆರಿಸಿದೆನೇ ಎಂದು ನೋಡಲು ಬೀದಿಯ ತಿರುವಿನಿಂದ ವಾಪಸಾಗುವ ಹೆಂಗಸು ಅವಳು. ಪುಸ್ತಕದ ತುಂಬ ಇಂಥ ಸಾಲುಗಳೇ ಇದ್ದವು.

ಕುದುರೆದೊಣೆಯ ಸೀರಂ ಕೇಂದ್ರದಲ್ಲಿ ಇನ್ನೂರು ಕುದುರೆಗಳಿದ್ದವು. ಅವುಗಳಿಗೆ ಹಾವಿನ ವಿಷವನ್ನು ಸಾಸಿವೆಯಷ್ಟು ಸಾಸಿವೆಯಷ್ಟೇ ಕೊಡುತ್ತ ಹೋದರೆ, ಆ ವಿಷವನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನು ಅವುಗಳ ರಕ್ತದಲ್ಲಿ ಹುಟ್ಟುತ್ತದೆ. ಅದಕ್ಕೆ ಪ್ರತಿಕಾಯ ಎಂದು ಹೆಸರು. ತಿಂಗಳಿಗೊಮ್ಮೆ ರಕ್ತ ತೆಗೆದು, ಪ್ರತಿಕಾಯವನ್ನು ಬೇರ್ಪಡಿಸಿ, ಸೀಸೆಗೆ ತುಂಬಿ ಊರೂರಿನ ಆಸ್ಪತ್ರೆಗಳಿಗೆ ಕಳಿಸುತ್ತಿದ್ದರು. ಇದು ಹಳೆಯ ಕೆಲಸ. ಹೊಸದು ಬೆಲ್ಟು.

ಬೆಲ್ಟು ಬಂದು ಮೂರು ವರ್ಷವಾಗಿತ್ತು. ಕುದುರೆಯ ಕುತ್ತಿಗೆಗೆ ಕಟ್ಟುವ, ಮೂರು ಬೆರಳಗಲದ ಕಪ್ಪು ಪಟ್ಟೆ. ಒಳಬದಿಯಲ್ಲಿ ಕೂದಲಿಗಿಂತ ಸಣ್ಣ ಸೂಜಿಗಳು. ನೋವಿಲ್ಲದೆ ಚರ್ಮದೊಳಗಿನ ರಸವನ್ನು ಹೀರಿ, ಅದರಲ್ಲಿರುವ ನಲವತ್ತು ಬಗೆಯ ಪ್ರೋಟೀನುಗಳನ್ನು ನಿಮಿಷಕ್ಕೊಮ್ಮೆ ಎಣಿಸಿ ಎಣಿಕೆ ಕೋಣೆಗೆ ಕಳಿಸುತ್ತಿತ್ತು. ಸ್ನಾಯು ದುಡಿದಾಗ ಅದರ ಒಳಗಿನ ಪ್ರೋಟೀನು ಚೂರು ಚೂರೇ ರಕ್ತಕ್ಕೆ ಸೋರುತ್ತದೆ. ವಿಶ್ರಾಂತಿ ಸಿಕ್ಕರೆ ಸೋರಿಕೆ ನಿಂತು, ಸ್ನಾಯು ಮೊದಲಿಗಿಂತ ಗಟ್ಟಿಯಾಗುತ್ತದೆ. ಸಿಗದಿದ್ದರೆ ಸೋರುತ್ತಲೇ ಹೋಗಿ, ಸ್ನಾಯು ಕರಗಿ, ಆ ಕೊಚ್ಚೆ ಮೂತ್ರಪಿಂಡಕ್ಕೆ ಕಟ್ಟಿಕೊಳ್ಳುತ್ತದೆ. ಬೆಲ್ಟು ಹಸಿರು ತೋರಿಸಿದರೆ ಕುದುರೆ ಸರಿಯಾಗಿದೆ, ಕೆಂಪು ತೋರಿಸಿದರೆ ಒಡೆಯುತ್ತಿದೆ.

ತಕ್ಕಷ್ಟು ವ್ಯಾಯಾಮ ಮಾಡಿದ ಕುದುರೆಯ ಪ್ರತಿಕಾಯಕ್ಕೆ ಹೆಚ್ಚು ಕಸುವು ಎಂಬುದನ್ನು ಈ ಕೇಂದ್ರದಲ್ಲೇ ಕಂಡುಕೊಂಡಿದ್ದರು. ಅಂದಿನಿಂದ ಯಾವ ಕುದುರೆ ಎಷ್ಟು ಓಡಬೇಕೆಂಬುದನ್ನು ಎಣಿಕೆ ಕೋಣೆಯೇ ನಿರ್ಧರಿಸುತ್ತಿತ್ತು. ಆ ಕೋಣೆಯ ಒಡತಿ ಕುಮುದಾ. ಕೋಣೆಗೆ ಒಂದು ಕಿಟಕಿಯಿತ್ತು. ಪರದೆಗೆ ಬಿಸಿಲು ಬೀಳುತ್ತದೆಂದು ಅದಕ್ಕೆ ಅಡ್ಡವಾಗಿ ಉಕ್ಕಿನ ಬೀರು ನಿಲ್ಲಿಸಿದ್ದರು. ನಿಲ್ಲಿಸಲು ಹೇಳಿದವಳೂ ಅವಳೇ.

ನೂರಹದಿನೇಳು ಹತ್ತೊಂಬತ್ತು ವರ್ಷದ ಮುದಿ ಹೆಣ್ಣು ಕುದುರೆ. ಕಳೆದ ದಸರೆಯ ಹೊತ್ತಿಗೆ ಅದರ ಗೆರೆ ಇದ್ದಕ್ಕಿದ್ದಂತೆ ಚಂದವಾಗತೊಡಗಿತ್ತು. ಓಟದ ಅಳತೆ ಏರಿಸಿದಷ್ಟೂ ಸ್ನಾಯು ಹುರಿಗಟ್ಟಿತು. ಮೂರು ಕಿಲೋಮೀಟರು ಐದಾಯಿತು, ಐದು ಒಂಬತ್ತಾಯಿತು. ಮುದಿ ಕುದುರೆಗೂ ಇಷ್ಟು ತಾಕತ್ತು ಬರಿಸಬಹುದೆಂದು ಕುಮುದಾ ಒಂದು ಕೋಷ್ಟಕ ಬರೆದಳು. ನಿರ್ದೇಶಕರು ಅದನ್ನು ಹೈದರಾಬಾದಿನ ಸಮ್ಮೇಳನದಲ್ಲಿ ಓದಿ ಚಪ್ಪಾಳೆ ಗಿಟ್ಟಿಸಿ ಬಂದರು. ಈಗ ಕೇಂದ್ರದ ಮಿಕ್ಕ ಹನ್ನೊಂದು ಮುದಿ ಕುದುರೆಗಳೂ ಕುಮುದಾ ಕೋಷ್ಟಕದ ಪ್ರಕಾರವೇ ಓಡುತ್ತಿದ್ದವು.

ಆದರೆ ಆ ಕೋಷ್ಟಕಕ್ಕೆ ಕಾರಣವಾದ ನೂರಹದಿನೇಳು ಈಗ ಒಂಬತ್ತು ದಿನದಿಂದ ಕೆಂಪು. ವಾರ ದಾಟಿ ಕೆಂಪಾಗಿದ್ದರೆ ಶನಿವಾರದ ಸಮಿತಿಯ ಮುಂದೆ ಹೋಗಬೇಕು. ಅಲ್ಲಿ 'ಬಿಡುಗಡೆ' ಎಂದು ಬರೆಯುತ್ತಿದ್ದರು. ಅಂದರೆ ಒಂದು ಸೂಜಿ, ಮತ್ತು ನೀಲಗಿರಿ ತೋಪಿನ ಹಿಂದೆ ಜೆಸಿಬಿ ತೋಡಿದ ಗುಂಡಿ.

"ನೋಡ್ರಿ ಕುಮುದಾ ಅವರ," ಎಂದು ನಿರ್ದೇಶಕ ಡಾ. ಕಟ್ಟೀಮನಿ ಬಾಗಿಲಲ್ಲೇ ನಿಂತು ಹೇಳಿದರು. ವಿಜಯಪುರದ ಕಡೆಯವರು, ಕೆಟ್ಟ ಸುದ್ದಿಯನ್ನು ಕೂತು ಹೇಳುವ ಅಭ್ಯಾಸ ಅವರಿಗಿರಲಿಲ್ಲ. "ನಿಮ್ಮ ನೂರಹದಿನೇಳು ಶನಿವಾರದ ಯಾದಿಯೊಳಗ ಬಂದದ. ವಯಸ್ಸಾತು. ಭಾಳ ಮನಸ್ಸಿಗೆ ಹಚ್ಕೋಬ್ಯಾಡ್ರಿ."

"ಸರ್, ನೀರು ಸರಿಯಾಗಿ ಕುಡೀತಿಲ್ಲ ಅನ್ಸುತ್ತೆ. ಎರಡು ದಿನ ಕೊಡಿ, ನೋಡ್ತೀನಿ."

"ಎರಡು ದಿನ ಅದಾವಲ್ಲ. ಇವತ್ತ ಬುಧವಾರ." ಅವರು ಅವಳ ಚಹಾ ಲೋಟ ನೋಡಿದರು. "ನೀವೂ ಸರಿಯಾಗಿ ಕುಡಿಯೂದಿಲ್ಲ ಬಿಡ್ರಿ."

*

ಮನೆಯಲ್ಲಿ ಅವಳ ಗಂಡ ಚಂದ್ರಮೌಳಿ ಬಸ್ ಡಿಪೋದಿಂದ ಬಂದು, ಕಾಲು ಚಾಚಿ, ಕಡಲೆಕಾಯಿ ಬಿಡಿಸುತ್ತ ಕೂತಿದ್ದ. ಡಿಪೋದಲ್ಲಿ ಅವನು ಟ್ರಾಫಿಕ್ ಕಂಟ್ರೋಲರ್. ಹೊಸ ವರ್ಷದಿಂದ ಅವರಿಗೆಲ್ಲ ಹೆಜ್ಜೆ ಎಣಿಸುವ ಕೈಪಟ್ಟಿ ಕೊಟ್ಟಿದ್ದರು. ದಿನಕ್ಕೆ ಆರು ಸಾವಿರ ಹೆಜ್ಜೆ ಹಾಕದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು.

"ಇವತ್ತು ಎಷ್ಟಾಯ್ತು?" ಎಂದಳು ಕುಮುದಾ, ಚಪ್ಪಲಿ ಬಿಡುತ್ತ.

"ಹನ್ನೊಂದು ಸಾವಿರ."

"ನೀವಾ?"

"ನಾನೆಲ್ಲಿ! ನಮ್ಮ ಡ್ರೈವರ್ ಪುಟ್ಟಲಿಂಗಯ್ಯ ಹಿರಿಯೂರಿಗೆ ಹೋಗ್ತಾ ನನ್ನ ಪಟ್ಟೀನ ವೈಪರಿಗೆ ಕಟ್ಕೊಂಡು ಹೋದ ಕಣೇ. ಮಳೆನೇ ಇಲ್ಲ, ವೈಪರ್ ಹಾಕ್ಕೊಂಡು ಹೋಗಿದಾನೆ. ಪ್ಯಾಸೆಂಜರ್ ಕೇಳಿದ್ರಂತೆ, ಏನ್ ಸ್ವಾಮಿ ಅಂತ. ಧೂಳು ಅಂದನಂತೆ."

ಅವಳಿಗೆ ನಗು ಬಂತು. ಆದರೆ ತುಟಿಯವರೆಗೆ ಬಂದು ಅಲ್ಲಿಗೇ ಸಾಕು ಎಂದು ನಿಂತಿತು. ಮೂರು ತಿಂಗಳಿಂದ ಅವಳು ಕೋಷ್ಟಕವನ್ನು ತಿದ್ದುತ್ತಿದ್ದಳು. ಊಟಕ್ಕೆ ಕೂತಾಗಲೂ ಕಣ್ಣ ಮುಂದೆ ಗೆರೆಗಳು ಓಡುತ್ತಿದ್ದವು.

"ಯಾಕೆ, ನಿನ್ನ ಅಜ್ಜಿ ಕುದುರೆಗೆ ಇನ್ನೂ ವಾಸಿಯಾಗಿಲ್ವಾ?"

"ಶನಿವಾರ ತೀರ್ಮಾನ."

ಅವನು ಬಿಡಿಸಿದ ಕಡಲೆಬೀಜವನ್ನು ಅವಳ ಅಂಗೈಗೆ ಸುರಿದ. "ತಿನ್ನು. ನಿನಗೊಂದು ಪಟ್ಟಿ ಕಟ್ಟಿ ನೋಡಿದ್ರೆ ಅದೂ ಕೆಂಪೇ ಇರುತ್ತೆ."

*

ಗುರುವಾರ ತೊಟ್ಟಿ ನೋಡಿಸಿದಳು. ತೊಟ್ಟಿ ತುಂಬಿ ತುಳುಕುತ್ತಿತ್ತು.

ಆಮೇಲೆ ಅವಳು, ಬೇರೆ ಯಾರಾದರೂ ಬಿಟ್ಟುಬಿಡುತ್ತಿದ್ದ ಒಂದು ಕೆಲಸ ಮಾಡಿದಳು. ಗೆರೆ ಇಳಿಯುವ ನಿಮಿಷವನ್ನು ಹದಿನೆಂಟು ದಿನಗಳಿಗೂ ಬರೆದು ಸಾಲಾಗಿ ಇಟ್ಟಳು. ಮೊದಲ ದಿನ ಆರು ಗಂಟೆ ಹದಿನಾರು ನಿಮಿಷ. ಮೂರನೆಯ ದಿನ ಹದಿನೇಳು. ಐದನೆಯ ದಿನ ಹದಿನೆಂಟು. ಹೀಗೆ ಎರಡು ದಿನಕ್ಕೊಂದು ನಿಮಿಷದಂತೆ ಜಾರುತ್ತ ನಿನ್ನೆ ಆರು ಇಪ್ಪತ್ತನಾಲ್ಕಕ್ಕೆ ಬಂದಿತ್ತು. ಕುದುರೆಗೆ ಗಡಿಯಾರ ತಿಳಿಯದು. ಮೇವು ಹಾಕುವ ಹೊತ್ತು ನಿಗದಿಯಾದದ್ದು, ಅದು ಜಾರುವುದಿಲ್ಲ. ಹಾಗಾದರೆ ದಿನಕ್ಕೆ ಅರ್ಧ ನಿಮಿಷದಷ್ಟು ಜಾರುವುದು ಯಾವುದು?

ಗೋಡೆಯ ಪಂಚಾಂಗದಲ್ಲಿ ಸೂರ್ಯಾಸ್ತದ ಸಾಲು ನೋಡಿದಳು. ಸಂಕ್ರಾಂತಿಯ ಆಸುಪಾಸಿನ ದಿನಗಳು. ಹೊತ್ತು ಮುಳುಗುವುದೂ ಎರಡು ದಿನಕ್ಕೊಂದು ನಿಮಿಷ ತಡವಾಗುತ್ತಿತ್ತು. ಎರಡು ಸಾಲುಗಳ ನಡುವೆ ಪ್ರತಿದಿನವೂ ನಾಲ್ಕೈದು ನಿಮಿಷದ್ದೇ ಅಂತರ.

ಹೊತ್ತು ಮುಳುಗುವುದನ್ನೇ ಕಾದು ಆ ಮೈ ನೀರು ಕುಡಿಯುತ್ತಿತ್ತು.

ಕೇಂದ್ರದ ನಿಯಮದಂತೆ ವ್ಯಾಯಾಮ ನಡೆಯುವ ಹಗಲು ಹೊತ್ತಿನಲ್ಲಿ ಪ್ರತಿಕಾಯದ ಎಣಿಕೆಯನ್ನು ಯಂತ್ರ ಪರಿಗಣಿಸುತ್ತಿರಲಿಲ್ಲ. ಬೆವರಿನಿಂದ ತಪ್ಪಾಗಬಹುದೆಂದು ಆ ನಿಯಮಕ್ಕೆ ಸಹಿ ಹಾಕಿದವಳು ಅವಳೇ. ಈಗ ಆ ಮುಚ್ಚಿಟ್ಟ ಸಾಲನ್ನು ತೆರೆದಳು. ರಾತ್ರಿ ಪ್ರತಿಕಾಯ ತುಂಬಿತ್ತು. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಸೊನ್ನೆ. ಕಡಿಮೆಯಲ್ಲ, ಸೊನ್ನೆ. ಮಾರನೆಯ ರಾತ್ರಿ ಮತ್ತೆ ತುಂಬಿತ್ತು. ಹಾವಿನ ವಿಷವನ್ನು ಎಂಟು ವರ್ಷ ಕಂಡ ಮೈಯಿಂದ ಪ್ರತಿಕಾಯ ಬೆಳಿಗ್ಗೆ ಎದ್ದು ಹೋಗಿ ಸಂಜೆ ಮನೆಗೆ ಬರುವುದಿಲ್ಲ. ಹಗಲಿಡೀ ಆ ಬೆಲ್ಟು ಇದ್ದದ್ದು ವಿಷವನ್ನೇ ಕಾಣದ ಬೇರೊಂದು ಮೈಯ ಮೇಲೆ.

ಕುದುರೆಯ ಸ್ನಾಯುವಿನ ಪ್ರೋಟೀನೂ ಮನುಷ್ಯನದ್ದೂ ಅಕ್ಕತಂಗಿಯರಷ್ಟು ಹೋಲುತ್ತವೆ. ಬೆಲ್ಟು ವ್ಯತ್ಯಾಸ ಕೇಳುವುದಿಲ್ಲ, ಎಣಿಸುತ್ತದೆ ಅಷ್ಟೆ.

ವೈಪರಿಗೆ ಕಟ್ಟಿದ ಕೈಪಟ್ಟಿ ನೆನಪಾಯಿತು. ಕುಮುದಾ ಎದ್ದಳು. ಎಷ್ಟೋ ತಿಂಗಳುಗಳ ಮೇಲೆ ಮೊದಲ ಸಲ ವ್ಯಾಯಾಮದ ಅಂಗಳದ ಕಡೆ ನಡೆದಳು.

*

ಅಂಗಳವೆಂದರೆ ನೀಲಗಿರಿ ತೋಪಿನ ಆಚೆ ಮರಳು ಹಾಸಿದ ದೊಡ್ಡ ದುಂಡು ದಾರಿ, ನಡುವೆ ಒಂದು ಹುಣಸೆಮರ. ಸಂಜೆ ಐದರ ಬಿಸಿಲು ಓರೆಯಾಗಿ ಬಿದ್ದಿತ್ತು. ಮರದ ನೆರಳಿನಲ್ಲಿ ಕೆಂಗಂದು ಬಣ್ಣದ ಮುದಿ ಕುದುರೆಯೊಂದು ನಿಂತು ಹುಲ್ಲು ಮೆಲ್ಲುತ್ತಿತ್ತು. ಅದರ ಕುತ್ತಿಗೆ ಬರಿದಾಗಿತ್ತು.

ದಾರಿಯ ಮೇಲೆ ದಸ್ತಗೀರ್ ಸಾಬ್ ಓಡುತ್ತಿದ್ದ. ಓಟವೆನ್ನಲೂ ಆಗದು, ಬಾಗಿದ ಮೊಣಕಾಲು ಎತ್ತಿ ಎತ್ತಿ ಇಡುವ ಕುಕ್ಕುಲೋಟ, ಕುದುರೆಗಳ ಜೊತೆ ನಲವತ್ತು ವರ್ಷ ಓಡಿ ಕಲಿತದ್ದು. ಅರವತ್ತೊಂದು ವರ್ಷದ ಸೈಸ್ ಅವನು. ಕುದುರೆಗೆ ನೀರು, ಮೇವು, ಮಾಲೀಸು, ನಡಿಗೆ ಎಲ್ಲ ಅವನದೇ. ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು. ಎದೆಗೆ ಕಪ್ಪು ಬೆಲ್ಟು ಬಿಗಿದು, ಮಿಕ್ಕ ತುದಿಯನ್ನು ಮಡಚಿ ಸಿಕ್ಕಿಸಿದ್ದ.

ಅವಳನ್ನು ಕಂಡು ನಿಂತ. ಓಡಿಹೋಗುವ ಶಕ್ತಿಯೂ ಅವನಿಗಿದ್ದಂತೆ ಕಾಣಲಿಲ್ಲ.

"ಇನ್ನು ಎರಡು ಸುತ್ತು ಇದೆ ಅಮ್ಮಾವ್ರೆ," ಎಂದ, ಏದುಸಿರು ಬಿಡುತ್ತ. "ಮುಗಿಸಿ ಬರ್ಲಾ, ಇಲ್ಲಾ ಈಗಲೇ ಬೈತೀರಾ?"

"ಕೂತ್ಕೊಳ್ಳಿ ಸಾಬ್."

"ಕೂತ್ರೆ ಏಳಕ್ಕಾಗಲ್ಲ."

"ಏಳೋದು ಬೇಡ."

ಅವನು ಹುಣಸೆಮರಕ್ಕೆ ಒರಗಿ ಕುಸಿದ. ಕುದುರೆ ಮುಖ ತಂದು ಅವನ ತಲೆಯ ಟೋಪಿಯನ್ನು ಮೂಸಿತು.

"ಯಾವಾಗಿಂದ?" ಎಂದಳು ಕುಮುದಾ.

"ದಸರಾಗೆ ಮುಂಚೆ. ಈ ಶರ್ಬತಿಗೆ, ನಿಮ್ಮ ನೂರಹದಿನೇಳಕ್ಕೆ, ಹಿಂದಿನ ಎಡಗಾಲು ಹಿಡ್ಕೊಂಡಿತ್ತು. ಮೂರು ದಿನ ಓಟ ತಪ್ಪಿದ್ರೆ ನೀವು ಅವಳ ಹೆಸರು ಬರ್ಕೋತೀರಿ. ನಾನು ಅಂದೆ, ಬೇಟಿ, ನಿನಗೆ ಬೇಕಾದಷ್ಟು ನಾನು ನಡೆಸ್ತೀನಿ, ಆ ಮಷೀನಿಗೆ ಬೇಕಾದಷ್ಟು ನಾನು ನಡೀತೀನಿ." ಅವನು ಕುದುರೆಯ ಮೂಗು ಸವರಿದ. "ಮೊದಮೊದಲು ಚೆನ್ನಾಗಿತ್ತು ಅಮ್ಮಾವ್ರೆ. ಮೈ ಹಗುರ ಆಯ್ತು. ಮನೇಲಿ ನಮ್ಮ ಬೀಬಿ ಕೇಳಿದ್ಳು, ಏನು, ಎರಡನೇ ನಿಕಾ ಯೋಚನೆ ಇದೆಯಾ ಅಂತ. ಆಮೇಲೆ ಆ ಮಷೀನು ಐದು ಅಂತು, ಏಳು ಅಂತು, ಒಂಬತ್ತು ಅಂತು. ಅದಕ್ಕೆ ಸಾಕು ಅನ್ನೋದೇ ಗೊತ್ತಿಲ್ವಲ್ಲ."

ಒಂಬತ್ತು ಎಂದದ್ದು ಯಂತ್ರವಲ್ಲ, ತಾನು. ಈ ಮನುಷ್ಯನ ಸ್ನಾಯು ಗಟ್ಟಿಯಾದದ್ದನ್ನು ನೋಡಿ ಕುದುರೆಯ ಗೆರೆಯೆಂದು ಹಿಗ್ಗಿ, ಅವಳೇ ಏರಿಸಿದ್ದಳು.

"ಬೇರೆ ಸೈಸ್‌ಗಳಿಗೆ ಗೊತ್ತಿತ್ತಾ?"

"ಎಲ್ಲರಿಗೂ ಗೊತ್ತು. ನಿಮಗೊಬ್ಬರಿಗೆ ಗೊತ್ತಿರಲಿಲ್ಲ." ಅದರಲ್ಲಿ ಕೊಂಕಿರಲಿಲ್ಲ, ಇದ್ದದ್ದನ್ನು ಹೇಳಿದ್ದ. "ನೀವು ಈ ಕಡೆ ಬರಲ್ವಲ್ಲ."

"ರಂಜಾನ್ ರೋಜಾ ಇಟ್ಟಿದ್ದೀರಿ, ಹಗಲಿಡೀ ನೀರೂ ಇಲ್ಲ."

"ಹದಿನೆಂಟು ಆಯ್ತು, ಇವತ್ತು ಹತ್ತೊಂಬತ್ತು." ಅವನು ಬೆರಗಿನಿಂದ ನೋಡಿದ. "ಅದೂ ಬರುತ್ತಾ ಅದರಲ್ಲಿ?"

"ಬರುತ್ತೆ." ಅವಳು ಮರಳಿನ ಮೇಲೆಯೇ ಕೂತಳು. ಕೇಳಬಾರದ್ದನ್ನು ಕೇಳಬೇಕಿತ್ತು. "ಸಾಬ್, ಮೂತ್ರ ಯಾವ ಬಣ್ಣ ಹೋಗ್ತಿದೆ?"

ಅವನು ನಾಚಿ ಕುದುರೆಯ ಕಡೆ ತಿರುಗಿದ. ಅದಕ್ಕೇ ಹೇಳುವವನಂತೆ, "ಡಿಕಾಕ್ಷನ್ ಥರ," ಎಂದ. "ನಾಲ್ಕು ದಿನದಿಂದ."

 ಕುಮುದಾ ಮಾತನ್ನು ಆರಿಸಿ ಆರಿಸಿ ಆಡಿದಳು. "ನಿಮ್ಮ ಸ್ನಾಯು ಕರಗಿ ಕಿಡ್ನಿಗೆ ಇಳೀತಿದೆ. ಇವತ್ತೇ ಆಸ್ಪತ್ರೆಗೆ ಹೋಗ್ಬೇಕು. ನೀರಿನ ವಿಷಯ ನೀವೇ ಯೋಚನೆ ಮಾಡಿ, ನಾನು ಹೇಳೋದಲ್ಲ."

"ಕಾಯಿಲೆಯವರಿಗೆ ಮಾಫಿ ಇದೆ. ಬಾಕಿ ರೋಜಾ ಆಮೇಲೆ ಇಟ್ಕೋಬಹುದು." ಅವನು ಬೆಲ್ಟಿನ ಕೊಕ್ಕೆಗೆ ಕೈ ಹಾಕಿ ನಿಲ್ಲಿಸಿದ. "ನಾನು ಹೋದ್ರೆ ಶನಿವಾರ ಇವಳು?"

"ಇವಳನ್ನ ನಾನು ನೋಡ್ಕೋತೀನಿ."

ಅವನು ಬೆಲ್ಟು ಬಿಚ್ಚಿ, ಅಂಗಿಯ ತುದಿಯಿಂದ ಬೆವರು ಒರೆಸಿ, ಅವಳ ಕೈಗೆ ಕೊಟ್ಟ. ಅದು ಇನ್ನೂ ಬೆಚ್ಚಗಿತ್ತು.

*

ಶುಕ್ರವಾರ ಬೆಳಿಗ್ಗೆ ಕುಮುದಾ ತಾನೇ ಶರ್ಬತಿಯ ಕುತ್ತಿಗೆಗೆ ಬೆಲ್ಟು ಕಟ್ಟಿ, ಹಗ್ಗ ಹಿಡಿದು ನಡೆದಳು. ಕುದುರೆ ಅವಳನ್ನು ನಂಬಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು ದಸ್ತಗೀರ್ ಬರುವ ದಾರಿ ನೋಡುತ್ತಿತ್ತು. ಎರಡು ಕಿಲೋಮೀಟರಿಗೆ ಒಂದೂವರೆ ಗಂಟೆ ಹಿಡಿಯಿತು. ಎಡಗಾಲು ಮೊದಲು ಕುಂಟಿ, ಬಿಸಿಯೇರಿದ ಮೇಲೆ ಸಡಿಲವಾಯಿತು. ಸ್ನಾಯುವಿನ ಪ್ರೋಟೀನು ತುಸು ಏರಿತು, ಮಧ್ಯಾಹ್ನದ ಹೊತ್ತಿಗೆ ಇಳಿದು ಹಸಿರಾಯಿತು. ಪ್ರತಿಕಾಯ ಹಗಲಿನಲ್ಲೂ ತುಂಬಿತ್ತು. ಮುದಿ ಕುದುರೆ, ಕಾಯಿಲೆಯ ಕುದುರೆಯಲ್ಲ. ದಸ್ತಗೀರ್ ದಿನವೂ ಬೆಲ್ಟು ತಾನು ಕಟ್ಟಿಕೊಂಡು ಅದಕ್ಕೆ ಮಾಡಿಸುತ್ತಿದ್ದ ನಡಿಗೆಯೇ ಅದರ ಸರಿಯಾದ ಅಳತೆಯಾಗಿತ್ತು.

ಕೋಣೆಗೆ ಬಂದು ಮಿಕ್ಕ ಹನ್ನೊಂದರ ಗೆರೆಗಳನ್ನು ತೆರೆದಳು. ಮೂರು ಹಳದಿಗೆ ತಿರುಗಿದ್ದವು. ಕಳೆದ ವಾರವೇ ತಿರುಗಿದ್ದವು. ಕೋಷ್ಟಕ ಸರಿಯಿದೆ, ಕುದುರೆಗಳೇ ಒಗ್ಗಿಕೊಳ್ಳುತ್ತವೆ ಎಂದು ಅವಳು ಪುಸ್ತಕದಲ್ಲಿ ಬರೆದುಕೊಂಡಿದ್ದಳು.

ಸಂಜೆ ಚಂದ್ರಮೌಳಿಗೆ ಎಲ್ಲ ಹೇಳಿದಳು. ಅವನು ಈ ಸಲ ನಗಲಿಲ್ಲ. ಅವಳು ಮಾಡಬೇಕಿದ್ದ ಅನ್ನವನ್ನು ತಾನೇ ಎದ್ದು ಇಟ್ಟ.

"ಹೇಳಿದ್ರೆ ಏನಾಗುತ್ತೆ?"

"ಸಾಬರ ಕೆಲಸ ಹೋಗಬಹುದು. ನನ್ನ ಕೋಷ್ಟಕ ಹೋಗುತ್ತೆ. ದೇಶದಲ್ಲಿ ಇನ್ನೆರಡು ಕೇಂದ್ರದವರು ಅದನ್ನೇ ಬಳಸ್ತಿದಾರೆ. ನನ್ನ ಹೆಸರು ಹಾಕ್ಕೊಂಡು."

"ಹೇಳದಿದ್ರೆ?"

 ಅನ್ನದ ಪಾತ್ರೆಯ ಮುಚ್ಚಳ ಕುಣಿಯುತ್ತಿತ್ತು. ಅವನು ಉರಿ ಸಣ್ಣಗೆ ಮಾಡಿದ.

"ಸುಸ್ತಾಗಿದೆ ರೀ," ಎಂದಳು ಕೊನೆಗೆ. "ತಪ್ಪು ಒಪ್ಕೊಳ್ಳೋಕೂ ಒಂದಿಷ್ಟು ಶಕ್ತಿ ಬೇಕು."

"ಊಟ ಮಾಡಿ ಒಪ್ಕೋ," ಎಂದ ಅವನು.

*

ಶನಿವಾರದ ಸಮಿತಿಯಲ್ಲಿ ಮೂವರು. ಕಟ್ಟೀಮನಿ ಕಡತ ತೆರೆದರು. ಅವರ ಪಕ್ಕದಲ್ಲಿ ಪಶುವೈದ್ಯರೂ ಆಡಳಿತಾಧಿಕಾರಿಯೂ ಇದ್ದರು.

"ನೂರಹದಿನೇಳು. ಗುರುವಾರದ ತನಕ ಹತ್ತು ದಿನ ಕೆಂಪು. ಕುಮುದಾ ಅವರ, ಏನರೆ ಹೇಳೂದದ ಏನು?"

"ಈ ರಕ್ತ ಆ ಕುದುರೆಯದಲ್ಲ ಸರ್."

"ಮತ್ಯಾರದು?"

"ಸೈಸ್ ದಸ್ತಗೀರ್ ಅವರದು. ದಸರೆಗೆ ಮುಂಚಿನಿಂದ ಅವರದೇ."

ಅವಳು ಹೇಳಿ ಮುಗಿಸಲು ಕಾಲು ಗಂಟೆ ಹಿಡಿಯಿತು. ಪಂಚಾಂಗ ತೋರಿಸಿದಳು, ಸೊನ್ನೆಗಳನ್ನು ತೋರಿಸಿದಳು, ಶುಕ್ರವಾರದ ಗೆರೆ ತೋರಿಸಿದಳು. ಕಟ್ಟೀಮನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಮಿಕ್ಕ ಇಬ್ಬರನ್ನು ಚಹಾಕ್ಕೆಂದು ಹೊರಗೆ ಕಳಿಸಿ, ಕುರ್ಚಿಯನ್ನು ಅವಳ ಕಡೆ ಎಳೆದುಕೊಂಡರು. ಅವರು ಕೂತು ಮಾತಾಡಿದ್ದನ್ನು ಅವಳು ಕಂಡದ್ದೇ ಕಡಿಮೆ.

"ಒಂದ್ ಮಾತ್ ಹೇಳ್ತೀನಿ, ಕೇಳ್ರಿ. ಬೆಲ್ಟ್ ಕೆಟ್ಟಿತ್ತು ಅಂತ ಬರದ್ ಬಿಡ್ರಿ. ಒಂದ ಸಾಲು. ಕುದುರಿ ಉಳೀತದ, ಮುದುಕನ ನೌಕರಿ ಉಳೀತದ, ನಿಮ್ಮ ಕೋಷ್ಟಕನೂ ಉಳೀತದ. ಯಾರಿಗೂ ಏನೂ ಆಗೂದಿಲ್ಲ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಕುಮುದಾಳಿಗೆ ಆ ಸಾಲು ಬರೆಯಲು ಎಷ್ಟು ಆಸೆಯಾಯಿತೆಂದರೆ, ಅವಳ ಬೆರಳು ಪೆನ್ನಿನ ಮುಚ್ಚಳ ತೆಗೆದೂ ಆಗಿತ್ತು.

"ಹನ್ನೊಂದು ಕುದುರೆ ಇವೆ ಸರ್. ಆ ಕೋಷ್ಟಕ ನೋಡ್ಕೊಂಡು ಇವತ್ತು ಬೆಳಿಗ್ಗೆನೂ ಓಡಿವೆ. ಬೆಲ್ಟು ಕೆಟ್ಟಿತ್ತು ಅಂತ ಬರೆದ್ರೆ ನಾಳೆನೂ ಓಡ್ತವೆ."

"ಅವುಕ್ಕೂ ಅಳತಿ ಕಡಿಮಿ ಮಾಡೂಣು, ಸಾವಕಾಶ."

"ಯಾಕೆ ಕಡಿಮೆ ಮಾಡ್ತೀವಿ ಅಂತ ಬರೀಬೇಕಲ್ಲ. ಆ ಇನ್ನೆರಡು ಕೇಂದ್ರಕ್ಕೆ ಯಾರು ಹೇಳ್ತಾರೆ?" ಅವಳು ಪೆನ್ನಿನ ಮುಚ್ಚಳ ಮತ್ತೆ ಹಾಕಿದಳು. "ಅರವತ್ತೊಂದು ವರ್ಷದ ಮನುಷ್ಯನ ಮೈ ನೋಡಿ ನಾನು ಕುದುರೆಗಳಿಗೆ ಅಳತೆ ಬರೆದೆ. ಅವರಿಗೂ ಬರೆದೆ, ಗೊತ್ತಿಲ್ಲದೆ. ಈಗ ಗೊತ್ತಿದೆ."

ಕಟ್ಟೀಮನಿ ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಮುದುಕ ಹೆಂಗದಾನ?"

"ಡ್ರಿಪ್ ಹಾಕಿದಾರೆ. ಇನ್ನೆರಡು ದಿನ ಬಿಟ್ಟಿದ್ದರೆ ಕಿಡ್ನಿ ಹೋಗ್ತಿತ್ತು ಅಂದ್ರು ಡಾಕ್ಟರು. ಒಂದು ತಿಂಗಳು ಕೆಲಸ ಮಾಡೋ ಹಾಗಿಲ್ಲ."

"ಸೈಸ್‌ಗಳಿಗೆ ಅಂಥಾ ರಜಾ ಇಲ್ಲಲ್ರಿ. ದಿನಗೂಲಿ ಮಂದಿ."

"ಕುದುರೆಗಳಿಗಿದೆ," ಎಂದಳು ಕುಮುದಾ. ಚೀಲದಿಂದ ಒಂದು ಹಾಳೆ ತೆಗೆದಿಟ್ಟಳು. ಕೆಂಪು ತೋರಿಸಿದ ಕುದುರೆಗೆ ಇಪ್ಪತ್ತೊಂದು ದಿನ ವಿಶ್ರಾಂತಿ, ಪೂರ್ತಿ ಮೇವು, ದಿನಕ್ಕೆರಡು ಸಲ ತಪಾಸಣೆ ಎಂಬ ಕೇಂದ್ರದ ನಮೂನೆ ಅದು. "ಇದರಲ್ಲಿ 'ಯಾವ ಮೈಯಿಂದ ಎಣಿಕೆ ತೆಗೆಯಲಾಗಿದೆಯೋ ಆ ಮೈಗೆ' ಅಂತಿದೆ ಸರ್. ಕುದುರೆಗೆ ಅಂತ ಇಲ್ಲ. ನಾನೇ ಬರೆದದ್ದು, ಮೂರು ವರ್ಷದ ಹಿಂದೆ."

ಅವರು ಹಾಳೆ ಎತ್ತಿಕೊಂಡು ಓದಿದರು. "ಇಲ್ಲಿ ಎತ್ತರ, ಹಲ್ಲು, ಗೊರಸಿನ ಸ್ಥಿತಿ ಎಲ್ಲಾ ಕೇಳ್ಯಾರಲ್ರಿ."

"ನಿನ್ನೆ ಆಸ್ಪತ್ರೆಯಲ್ಲಿ ಅವರನ್ನೇ ಕೇಳಿ ತುಂಬಿದ್ದೀನಿ."

ಎತ್ತರದ ಮುಂದೆ ಐದಡಿ ಮೂರಂಗುಲ ಎಂದಿತ್ತು. ಹಲ್ಲಿನ ಮುಂದೆ ಹದಿನೇಳು. ಗೊರಸಿನ ಮುಂದೆ, 'ಸವೆದಿದೆ, ಆದರೆ ಲಾಳ ಬೇಡ ಎನ್ನುತ್ತಾರೆ' ಎಂದಿತ್ತು.

ಕಟ್ಟೀಮನಿಯ ಮೀಸೆ ಅಲುಗಿತು. ನಗುವೋ ನಿಟ್ಟುಸಿರೋ ತಿಳಿಯಲಿಲ್ಲ. ಸಹಿ ಹಾಕಿದರು. "ಇಪ್ಪತ್ತೊಂದು ದಿನ. ಆಮ್ಯಾಲೆ ವಿಚಾರಣೆ ಆಗೇ ಆಗ್ತದ, ಅವನದೂ, ನಿಮ್ಮದೂ. ಅದನ್ನ ನಾ ತಡಿಯಾಕ ಆಗೂದಿಲ್ಲ."

"ಗೊತ್ತು ಸರ್."

ನೂರಹದಿನೇಳರ ಹೆಸರಿನ ಮುಂದೆ ಅವರು 'ಬಿಡುಗಡೆ' ಎಂಬುದನ್ನು ಹೊಡೆದುಹಾಕಿದರು. ಕೋಷ್ಟಕವನ್ನು ಹಿಂತೆಗೆದುಕೊಳ್ಳುವ ಪತ್ರವನ್ನು ಕುಮುದಾ ತಾನೇ ಬೆರಳಚ್ಚು ಮಾಡಿ, ಎರಡು ಸಲ ಓದಿ, ಕಳಿಸಿ, ಹೋಯಿತೇ ಎಂದು ಮತ್ತೊಮ್ಮೆ ತೆರೆದು ನೋಡಿದಳು. ಹೋಗಿತ್ತು.

*

ಸೋಮವಾರ ಬೆಳಿಗ್ಗೆ ಅವಳು ಎಣಿಕೆ ಕೋಣೆಗೆ ಬಂದು ಚೀಲ ಇಟ್ಟವಳೇ ಬೀರುವಿಗೆ ಹೆಗಲು ಕೊಟ್ಟಳು. ಅಲುಗಲಿಲ್ಲ. ವರಾಂಡದಲ್ಲಿ ಹೋಗುತ್ತಿದ್ದ ಇಬ್ಬರು ಸೈಸ್‌ಗಳನ್ನು ಕರೆದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಒಳಗೆ ಬಂದರು. ಆ ಕೋಣೆಗೆ ಅವರು ಕಾಲಿಟ್ಟದ್ದು ಅದೇ ಮೊದಲು.

"ಪರದೆಗೆ ಬಿಸಿಲು ಬೀಳುತ್ತೆ ಮೇಡಂ," ಎಂದ ಒಬ್ಬ.

"ಬೀಳ್ಲಿ."

ಬೀರು ಕಿರುಗುಟ್ಟುತ್ತ ಸರಿಯಿತು. ಹಿಂದೆ ಮೂರು ವರ್ಷದ ಧೂಳು, ಒಂದು ಸತ್ತ ಹಲ್ಲಿ, ಕಿಟಕಿ. ಕಿಟಕಿಯ ಆಚೆ ನೀಲಗಿರಿ ಕಾಂಡಗಳ ನಡುವಿನಿಂದ ದುಂಡು ದಾರಿಯ ಒಂದು ಭಾಗ ಮಾತ್ರ ಕಾಣುತ್ತಿತ್ತು. ಹೆಚ್ಚೇನಲ್ಲ.

ಪರದೆಯಲ್ಲಿ ನೂರಹದಿನೇಳು ಹಸಿರು. ಅದರ ಕೆಳಗೆ ತಾಲೂಕು ಆಸ್ಪತ್ರೆಯಲ್ಲಿ ದಸ್ತಗೀರ್ ಎದೆಗೆ ಕಟ್ಟಿದ ಬೇರೆ ಬೆಲ್ಟಿನ ಹೊಸ ಗೆರೆ. ಅದನ್ನು ಸೇರಿಸಹೋದಾಗ ಯಂತ್ರ ಹೆಸರನ್ನು ಒಪ್ಪಿರಲಿಲ್ಲ, ನಂಬರೇ ಬೇಕೆಂದಿತ್ತು. ಅವಳು ಇನ್ನೂರ ಒಂದು ಎಂದು ಕೊಟ್ಟಿದ್ದಳು. ಗೆರೆ ಇನ್ನೂ ಕೆಂಪಾಗಿತ್ತು, ಆದರೆ ಇಳಿಯುತ್ತಿತ್ತು. ಹನ್ನೊಂದು ಗಂಟೆಗೆ ಒಂದು ಸಣ್ಣ ಮೆಟ್ಟಿಲು ಇಳಿಯಿತು. ನೀರು ಕುಡಿದಿರಬೇಕು. ಕುಮುದಾ ತನ್ನ ಬಾಟಲಿ ಎತ್ತಿ ಅರ್ಧ ಕುಡಿದಳು.

ಮಧ್ಯಾಹ್ನಕ್ಕೆ ಮುಂಚೆ ಮುದಿ ಕುದುರೆಗಳನ್ನು ನಡಿಗೆಗೆ ಬಿಟ್ಟರು. ಓಟವಿಲ್ಲ, ನಡಿಗೆ. ಒಂದೊಂದಾಗಿ ತೋಪಿನ ಸಂದಿಗೆ ಬಂದು ಕಾಣಿಸಿ ಮರೆಯಾಗುತ್ತಿದ್ದವು. ಬಿಸಿಲು ನೇರವಾಗಿ ಅವಳ ಕಣ್ಣಿಗೆ ಹೊಡೆಯುತ್ತಿತ್ತು. ಅವಳು ಅಂಗೈಯನ್ನು ಹುಬ್ಬಿನ ಮೇಲಿಟ್ಟು, ಪ್ರತಿಯೊಂದರ ಹಿಂಗಾಲನ್ನೂ ನೋಡಿದಳು. ನಾಲ್ಕನೆಯದು ಬಲಗಾಲನ್ನು ಎಳೆದು ಹಾಕುತ್ತಿತ್ತು. ಅದರ ಗೆರೆ ಹಸಿರಾಗಿಯೇ ಇತ್ತು. ಪುಸ್ತಕ ತೆಗೆದು ಬರೆದುಕೊಂಡಳು. ಕಣ್ಣು ಉರಿದು ನೀರೂರುತ್ತಿತ್ತು. ಹನ್ನೊಂದೂ ದಾಟುವವರೆಗೆ ಕೈ ಇಳಿಸಲಿಲ್ಲ. ಎಲ್ಲಕ್ಕಿಂತ ಹಿಂದೆ, ಹಗ್ಗ ಹಿಡಿದವನನ್ನೇ ಎಳೆದು ನಿಲ್ಲಿಸುತ್ತ, ಹತ್ತು ಹೆಜ್ಜೆಗೊಮ್ಮೆ ದಸ್ತಗೀರ್ ಬರುವ ದಾರಿಯ ಕಡೆ ಕತ್ತು ತಿರುಗಿಸುತ್ತ ಶರ್ಬತಿ ಬಂತು.